ಬಿ.ಎಚ್. ರಸ್ತೆಯ ಆ ತುದಿ: ಮಕ್ಕಳ ಜೊತೆ ಬೇಸಿಗೆ ರಜೆ, ಸಮುದ್ರ – ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ದಿನಕ್ಕೆ ಹತ್ತು ಸಲ ಬಿ.ಎಚ್. ರಸ್ತೆ ಅನ್ನುತ್ತೇವೆ. ಬಿ ಅಂದರೆ ಬೆಂಗಳೂರು, ಎಚ್ ಅಂದರೆ ಹೊನ್ನಾವರ. ನಮ್ಮ ಪೇಟೆ ಬೀದಿಯ ಇನ್ನೊಂದು ತುದಿ ಅರಬ್ಬಿ ಸಮುದ್ರದ ದಡದಲ್ಲಿದೆ! ನನಗೇ ಇದು ತಿಳಿದದ್ದು ಮದುವೆಯಾಗಿ ಇಬ್ಬರು ಮಕ್ಕಳಾದ ಮೇಲೆ. ಅಲ್ಲಿಂದ ಈಚೆಗೆ ಹತ್ತು ಬೇಸಿಗೆ ಸಮುದ್ರಕ್ಕೆ ಹೋಗಿ ಬಂದಿದ್ದೇವೆ. ಮಾರ್ಚ್ ಬಂತು ಅಂದರೆ ಸ್ಟಾಫ್ ರೂಮಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಫೋನಿನಲ್ಲಿ ಅವೇ ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ನೀರಿಗೆ ಇಳಿಯುವ ವಿಷಯದಲ್ಲಿ ಉತ್ತರ ಉದ್ದವಾಗಿದೆ, ಬೇಕೆಂದೇ. ಅಮಾನಿಕೆರೆ ನೋಡಿ ಬೆಳೆದವರು ನಾವು. ಸಮುದ್ರ ದೊಡ್ಡ ಕೆರೆಯಲ್ಲ.

## ಹೊರಡುವ ಮೊದಲು

ರಜ ಶುರುವಾದ ತಕ್ಷಣ ಹೋಗೋದಾ, ಮೇ ಕೊನೆಗೆ ಹೋದ್ರೂ ನಡೆಯುತ್ತಾ?

ಏಪ್ರಿಲ್ ಕೊನೆಯ ಎರಡು ವಾರ ಒಳ್ಳೆಯದು. ಮೇ ಮೊದಲ ವಾರವೂ ಪರವಾಗಿಲ್ಲ. ಈಚಿನ ವರ್ಷಗಳಲ್ಲಿ ರಾಜ್ಯದ ಶಾಲೆಗಳಿಗೆ ಏಪ್ರಿಲ್ 11ರಿಂದ ಮೇ 28ರವರೆಗೆ ಬೇಸಿಗೆ ರಜೆ. ನಮ್ಮ ಕಡೆಯವರು ಅಜ್ಜಿ ಮನೆ, ಮದುವೆ, ಗೃಹಪ್ರವೇಶ ಎಲ್ಲ ಮುಗಿಸಿ ಮೇ ಮೂರನೇ ವಾರ ಕರಾವಳಿಗೆ ಹೊರಡುತ್ತಾರೆ. ಅಷ್ಟರಲ್ಲಿ ಸಮುದ್ರದ ಗುಣ ಬದಲಾಗಿರುತ್ತದೆ.

ಮುಂಗಾರು ಕೇರಳಕ್ಕೆ ಬರುವ ವಾಡಿಕೆ ದಿನ ಜೂನ್ 1. ಅದಕ್ಕೂ ಮೊದಲೇ ಅಲೆ ಜೋರಾಗುತ್ತದೆ, ದೋಣಿ ವಿಹಾರ ಒಂದೊಂದಾಗಿ ನಿಲ್ಲುತ್ತವೆ. 2025ರಲ್ಲಂತೂ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ಆ ವರ್ಷ ಮೇ ಕೊನೆಗೆ ರೂಮು ಬುಕ್ ಮಾಡಿದ್ದ ನನ್ನ ತಂಗಿ ಮನೆಯವರು ಮೂರು ದಿನ ಲಾಡ್ಜಿನ ಕಿಟಕಿಯಿಂದ ಮಳೆ ನೋಡಿಕೊಂಡು ಬಂದರು. ಮೀನಿನ ಆಸೆಗೆ ಹೋಗುವವರಿಗೆ ಇನ್ನೊಂದು ಮಾತು: ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ. ತಾಜಾ ಮೀನು ಕಮ್ಮಿ, ರೇಟು ಜಾಸ್ತಿ.

ತುಮಕೂರಿಂದ ಹತ್ತಿರದ ಸಮುದ್ರ ಯಾವುದು? ಯಾವ ದಾರಿ ಒಳ್ಳೇದು?

ಮಂಗಳೂರು ಕಡೆ ಹತ್ತಿರ. ಕುಣಿಗಲ್‌ಗೆ ಹೋಗಿ ರಾಷ್ಟ್ರೀಯ ಹೆದ್ದಾರಿ 75 ಹಿಡಿದರೆ ಹಾಸನ, ಸಕಲೇಶಪುರ, ಶಿರಾಡಿ ಘಾಟಿ ಇಳಿದು ಮಂಗಳೂರು. ಮುನ್ನೂರು ಕಿಲೋಮೀಟರಿಗೆ ಸ್ವಲ್ಪ ಮೇಲೆ. ಇನ್ನೊಂದು ದಾರಿ ಗುಬ್ಬಿ, ತಿಪಟೂರು, ಅರಸೀಕೆರೆ, ಬಾಣಾವರ, ಬೇಲೂರು, ಮೂಡಿಗೆರೆ ಮೇಲೆ ಚಾರ್ಮಾಡಿ ಘಾಟಿಗೆ. ಇದು ಹೆದ್ದಾರಿ 73. ತುಮಕೂರಿನಲ್ಲಿ ಶುರುವಾಗಿ ಮಂಗಳೂರಿನಲ್ಲಿ ಮುಗಿಯುತ್ತದೆ. ಧರ್ಮಸ್ಥಳ ಮೊದಲು ನೋಡುವವರಿಗೆ ಇದೇ ಸರಿ. ಆದರೆ ಚಾರ್ಮಾಡಿಯಲ್ಲಿ ಮಂಜು, ಕಡಿದಾದ ತಿರುವು. ಕತ್ತಲಾಗುವ ಮೊದಲು ಇಳಿದುಬಿಡಿ.

ಮುರುಡೇಶ್ವರ, ಗೋಕರ್ಣ ಕಡೆಗಾದರೆ ಬಿ.ಎಚ್. ರಸ್ತೆಯನ್ನೇ ನಂಬಿ. ಶಿವಮೊಗ್ಗ, ಸಾಗರ, ಗೇರುಸೊಪ್ಪ ಘಾಟಿ, ಹೊನ್ನಾವರ. ದೂರ ಜಾಸ್ತಿ, ಮುನ್ನೂರ ಎಪ್ಪತ್ತರ ಹತ್ತಿರ. ಸಾಗರದಲ್ಲಿ ಒಂದು ರಾತ್ರಿ ಉಳಿದರೆ ಮಕ್ಕಳು ಹೈರಾಣಾಗುವುದಿಲ್ಲ. ಜೋಗ ಪಕ್ಕದಲ್ಲೇ ಇದೆ. ಬೇಸಿಗೆಯಲ್ಲಿ ಅಲ್ಲಿ ನೀರು ದಾರದಷ್ಟೇ ಇರುತ್ತದೆ, ಮಕ್ಕಳಿಗೆ ಮೊದಲೇ ಹೇಳಿ.

ನಮ್ದು ಚಿಕ್ಕಬಳ್ಳಾಪುರ. ಬೆಂಗಳೂರು ಟ್ರಾಫಿಕ್ ಒಳಗೆ ಹೋಗದೆ ಸಮುದ್ರಕ್ಕೆ ದಾರಿ ಇಲ್ವಾ?

ಇದೆ. ಹೆದ್ದಾರಿ 69 ನಿಮ್ಮ ಊರಿನ ಮೇಲೇ ಹೋಗುತ್ತದೆ. ಗೌರಿಬಿದನೂರು, ಮಧುಗಿರಿ, ಶಿರಾ, ಬುಕ್ಕಾಪಟ್ಟಣ, ಹುಳಿಯಾರು, ಬಾಣಾವರ, ಕಡೂರು, ತರೀಕೆರೆ, ಶಿವಮೊಗ್ಗ ದಾಟಿ ಹೊನ್ನಾವರದಲ್ಲಿ ಸಮುದ್ರ ಮುಟ್ಟುತ್ತದೆ. ಕೆಲವು ಕಡೆ ರಸ್ತೆ ಕಿರಿದು, ನಿಧಾನವಾಗುತ್ತದೆ. ಆದರೂ ಮಧುಗಿರಿ ಬಂಡೆ, ಶಿರಾ ಬಯಲು, ಹುಳಿಯಾರಿನ ತೆಂಗಿನ ತೋಟ, ಆಮೇಲೆ ಮಲೆನಾಡು – ಒಂದೇ ದಿನದಲ್ಲಿ ಇಷ್ಟು ಬದಲಾಗುವ ದಾರಿ ಮಕ್ಕಳಿಗೆ ಬೇರೆಲ್ಲಿ ಸಿಗುತ್ತದೆ?

ನಾವು ಕೋಲಾರದವರು. ಮಂಗಳೂರಿಗಿಂತ ಚೆನ್ನೈ ಹತ್ತಿರ ಅಲ್ವಾ?

ಹೌದು. ಕೋಲಾರದಿಂದ ಚೆನ್ನೈ ಸುಮಾರು 270 ಕಿಲೋಮೀಟರ್, ಮಂಗಳೂರು 420ರ ಹತ್ತಿರ. ಬಂಗಾರಪೇಟೆಯಲ್ಲಿ ಚೆನ್ನೈ ರೈಲು ಸಿಗುತ್ತದೆ, ಘಾಟಿಯ ತಿರುವೂ ಇಲ್ಲ. ಆದರೆ ಅದು ಬೇರೆಯೇ ಸಮುದ್ರ. ಸೂರ್ಯ ನೀರಿನಿಂದ ಏಳುತ್ತಾನೆ, ನೀರಿಗೆ ಮುಳುಗುವುದಿಲ್ಲ. ಸಂಜೆಯ ಕೆಂಪು ನೋಡಬೇಕು ಅಂದುಕೊಂಡವರಿಗೆ ನಿರಾಸೆ. ಬೆಳಗ್ಗೆ ಐದೂವರೆಗೆ ಏಳುವವರಿಗೆ ಹಬ್ಬ. ಆ ಕಡೆ ಬಹಳ ಜಾಗದಲ್ಲಿ ದಡ ಕಡಿದು, ನಾಲ್ಕು ಹೆಜ್ಜೆಗೆ ಆಳ. ಮರೀನಾ ಬೀಚಿನಲ್ಲಿ ಈಜುವಂತಿಲ್ಲ, ದಡದಲ್ಲಿ ಓಡಾಡಿ ಸುಂಡಲ್ ತಿಂದು ಬರಬೇಕು ಅಷ್ಟೇ. ಮಕ್ಕಳಿದ್ದರೆ ನಾನು ಮಹಾಬಲಿಪುರಕ್ಕೆ ಓಟು ಹಾಕುತ್ತೇನೆ. ದಡದಲ್ಲೇ ಪಲ್ಲವರ ಕಾಲದ ಕಲ್ಲಿನ ದೇವಸ್ಥಾನ, ಪಕ್ಕದಲ್ಲಿ ಬಂಡೆಗೆ ಕೆತ್ತಿದ ಆನೆಗಳು. ಮೇ ತಿಂಗಳಲ್ಲಿ ತಮಿಳುನಾಡಿನವರು ‘ಕತ್ತರಿ’ ಅನ್ನುವ ಉರಿಬಿಸಿಲು ಇರುತ್ತದೆ. ಅದಕ್ಕೆ ಮೊದಲೇ ಹೋಗಿ ಬನ್ನಿ.

ಒಂದೇ ಟ್ರಿಪ್ಪಲ್ಲಿ ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ, ಕೊಲ್ಲೂರು, ಮುರುಡೇಶ್ವರ ಎಲ್ಲಾ ಮುಗಿಸಬಹುದಾ ಮೇಡಂ?

ಮುಗಿಸಬಹುದು. ಮಕ್ಕಳೂ ಮುಗಿದು ಹೋಗುತ್ತಾರೆ. ನಮ್ಮ ಮೊದಲ ಪ್ರವಾಸ ಹೀಗೇ ಇತ್ತು. ಮೂರು ದಿನ, ಏಳು ದೇವಸ್ಥಾನ, ಎರಡು ಬೀಚು. ಮನೆಗೆ ಬಂದ ಮೇಲೆ ಮಗನನ್ನು “ಏನು ಇಷ್ಟ ಆಯ್ತು?” ಅಂತ ಕೇಳಿದರೆ “ಲಾಡ್ಜ್ ಲಿಫ್ಟ್” ಅಂದ.

ಈಗ ನಮ್ಮ ಲೆಕ್ಕ ಸರಳ. ನಾಲ್ಕು ದಿನ ರಜೆ ಇದ್ದರೆ ಹೋಗಲು ಒಂದು ದಿನ, ಬರಲು ಒಂದು ದಿನ. ನಡುವಿನ ಎರಡು ದಿನ ಒಂದೇ ಊರು, ಒಂದೇ ಬೀಚು. ಬೆಳಗ್ಗೆ ನೀರು, ಮಧ್ಯಾಹ್ನ ನಿದ್ದೆ, ಸಂಜೆ ಮತ್ತೆ ನೀರು. ದೇವರ ದರ್ಶನ ಹೋಗುವ ದಾರಿಯಲ್ಲೋ ಬರುವ ದಾರಿಯಲ್ಲೋ ಒಂದು. ಅತ್ತೆ ಮಾವ ಜೊತೆಗಿದ್ದರೆ ಅವರಿಗೆ ಉಡುಪಿಯಲ್ಲಿ ರೂಮು ಮಾಡಿ. ಮಠಕ್ಕೂ ಹತ್ತಿರ, ಮಲ್ಪೆಗೂ ಹತ್ತಿರ, ಎರಡು ಕಡೆಯವರಿಗೂ ಸಮಾಧಾನ.

ಮಗೂಗೆ ಎಂಟು ತಿಂಗಳು. ಕರ್ಕೊಂಡು ಹೋಗ್ಬಹುದಾ, ಅಕ್ಕ?

ಹೋಗಬಹುದು, ಆದರೆ ಅದು ನಿಮ್ಮ ಪ್ರವಾಸ, ಮಗುವಿನದಲ್ಲ. ಮಗುವನ್ನು ನೆರಳಿನಲ್ಲೇ ಇಟ್ಟುಕೊಳ್ಳಿ. ಅಲೆಗೆ ಇಳಿಸಬೇಡಿ, ಸಂಜೆ ಒದ್ದೆ ಮರಳಿಗೆ ಪಾದ ಮುಟ್ಟಿಸಿದರೆ ಸಾಕು. ಎದೆಹಾಲು ಮಾಮೂಲಿಗಿಂತ ಹೆಚ್ಚು ಸಲ ಕೊಡಿ. ಆರು ತಿಂಗಳೊಳಗಿನ ಮಗುವಾದರೆ ಸನ್‌ಸ್ಕ್ರೀನ್ ಕೂಡ ಹಚ್ಚುವಂತಿಲ್ಲ, ಬಟ್ಟೆ ಮತ್ತು ನೆರಳೇ ಗತಿ. ನನ್ನನ್ನು ಕೇಳಿದರೆ ಎರಡು ವರ್ಷ ತುಂಬಲಿ.

ಕಮ್ಮಿ ಖರ್ಚಲ್ಲಿ ಆಗುತ್ತಾ?

ಶುಕ್ರವಾರದಿಂದ ಭಾನುವಾರ ಬಿಟ್ಟು, ಸೋಮವಾರದಿಂದ ಗುರುವಾರದೊಳಗೆ ಹೋಗಿ. ರೂಮಿನ ಬಾಡಿಗೆಯಲ್ಲೇ ದೊಡ್ಡ ವ್ಯತ್ಯಾಸ. ಬೀಚಿಗೆ ಎದುರಿನ ರೂಮು ಬೇಡ, ಒಂದು ಕಿಲೋಮೀಟರ್ ಒಳಗಿರಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ರಾಜಹಂಸ, ಐರಾವತದಂಥ ಬಸ್ಸಿಗೆ ಅನ್ವಯಿಸುವುದಿಲ್ಲ, ಗುರುತಿನ ಚೀಟಿ ಮರೆಯಬೇಡಿ. ಊಟಕ್ಕೆ ಧರ್ಮಸ್ಥಳ, ಉಡುಪಿ, ಕಟೀಲು, ಕೊಲ್ಲೂರಿನಲ್ಲಿ ಅನ್ನಪ್ರಸಾದ ಇದೆ. ಸಿದ್ಧಗಂಗೆಯ ದಾಸೋಹದಲ್ಲಿ ಕೂತು ಉಂಡವರಿಗೆ ಪಂಕ್ತಿ ಊಟದ ಸಂಕೋಚ ಎಲ್ಲಿಂದ ಬರಬೇಕು?

## ದಾರಿಯಲ್ಲಿ

ಕಾರಾ, ಬಸ್ಸಾ, ರೈಲಾ?

ಐದು ವರ್ಷದೊಳಗಿನ ಮಗು ಇದ್ದರೆ ಕಾರು. ಬೇಕಾದಲ್ಲಿ ನಿಲ್ಲಿಸಬಹುದು. ಅದಕ್ಕಿಂತ ದೊಡ್ಡವರಾದರೆ ರೈಲು, ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಐವತ್ತು ಚಿಲ್ಲರೆ ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗಗಳಿವೆ, ನೂರಕ್ಕೂ ಹೆಚ್ಚು ಸೇತುವೆಗಳಿವೆ. ರೈಲು ತೆವಳಿಕೊಂಡು ಹೋಗುತ್ತದೆ. ಸುರಂಗ ಎಣಿಸುವ ಕೆಲಸ ಮಕ್ಕಳಿಗೆ ಕೊಟ್ಟುಬಿಡಿ. ನಮ್ಮ ಮನೆಯಲ್ಲಿ ಮಗನ ಲೆಕ್ಕ 54, ಮಗಳ ಲೆಕ್ಕ 59. ಜಗಳ ಇನ್ನೂ ಮುಗಿದಿಲ್ಲ.

ಹಗಲು ರೈಲು ಓಡುವ ದಿನ ನೋಡಿ ಬುಕ್ ಮಾಡಿ, ರಾತ್ರಿ ರೈಲಿನಲ್ಲಿ ಘಾಟಿ ಕಾಣುವುದಿಲ್ಲ. ತುಮಕೂರಿನವರು ಯಶವಂತಪುರದಲ್ಲೋ ಹಾಸನದಲ್ಲೋ ಹತ್ತುವುದು ಸುಲಭ. ಈಗ ಮುಂಗಡ ಬುಕಿಂಗ್ 60 ದಿನ ಮೊದಲಷ್ಟೇ ತೆರೆಯುತ್ತದೆ. ಏಪ್ರಿಲ್ ಕೊನೆಗೆ ಹೋಗುವವರು ಫೆಬ್ರವರಿ ಕೊನೆಗೇ ಕೈ ಹಾಕಬೇಕು. ಐದು ವರ್ಷದೊಳಗಿನ ಮಗುವಿಗೆ ಬರ್ತ್ ಕೇಳದಿದ್ದರೆ ಟಿಕೆಟ್ ಇಲ್ಲ. ಐದರಿಂದ ಹನ್ನೆರಡರೊಳಗೆ ಬರ್ತ್ ಬೇಡವೆಂದರೆ ಅರ್ಧ, ಬೇಕೆಂದರೆ ಪೂರ್ತಿ ದರ.

ಘಾಟಿ ಬಂದ್ರೆ ಸಾಕು, ಮಗಳು ವಾಂತಿ ಮಾಡ್ಕೊಳ್ತಾಳೆ. ಏನ್ಮಾಡೋದು?

ಕಣ್ಣು ಹೇಳುವುದು ಒಂದು, ಕಿವಿಯೊಳಗಿನ ಸಮತೋಲದ ಅಂಗ ಹೇಳುವುದು ಇನ್ನೊಂದು. ಮಿದುಳಿಗೆ ಗೊಂದಲ, ಹೊಟ್ಟೆಗೆ ಸಂಕಟ. ಮೊಬೈಲ್ ನೋಡುತ್ತಾ ಕೂತ ಮಗುವಿನ ಕಣ್ಣು “ಕೂತಲ್ಲೇ ಇದ್ದೀನಿ” ಅನ್ನುತ್ತದೆ, ಕಿವಿ “ತಿರುಗುತ್ತಿದ್ದೀನಿ” ಅನ್ನುತ್ತದೆ. ಹಾಗಾಗಿ ಸಕಲೇಶಪುರದಲ್ಲೇ ಮೊಬೈಲ್ ಕಿತ್ತುಕೊಳ್ಳಿ. ದೂರದ ಬೆಟ್ಟ ನೋಡಲು ಹೇಳಿ, ಕಿಟಕಿ ಇಳಿಸಿ. ಹೊಟ್ಟೆ ಪೂರ್ತಿ ಖಾಲಿಯೂ ಬೇಡ, ಮಸಾಲೆದೋಸೆಯೂ ಬೇಡ. ಎರಡು ಇಡ್ಲಿ ಸಾಕು. ಮೂಗಿಗೆ ನಿಂಬೆಹಣ್ಣು ಹಿಡಿಯುವ ಅಜ್ಜಿಯ ಉಪಾಯದಿಂದ ನಮ್ಮ ಮಗಳಿಗೆ ಅನುಕೂಲವಾಗಿದೆ. ವಾಂತಿ ಮಾತ್ರೆಯನ್ನು ಮಕ್ಕಳ ವೈದ್ಯರನ್ನು ಕೇಳಿಯೇ ಕೊಡಿ. ಎರಡು ವರ್ಷದೊಳಗಿನವರಿಗೆ ಅಂಗಡಿಯಲ್ಲಿ ಸಿಗುವುದನ್ನು ಕೊಡಲೇಬೇಡಿ. ತೂತಿಲ್ಲದ ನಾಲ್ಕು ಕವರ್ ಕೈಗೆಟುಕುವಂತಿರಲಿ. ಡಿಕ್ಕಿಯಲ್ಲಿಟ್ಟ ಕವರ್ ಇದ್ದೂ ಇಲ್ಲದಂತೆ!

## ನೀರಿನ ಹತ್ತಿರ

ಚಿಕ್ಕ ಮಕ್ಕಳಿಗೆ ಯಾವ ಬೀಚು?

ಸ್ನಾನದ ಜಾಗ ಗುರುತು ಮಾಡಿರುವ, ಜೀವರಕ್ಷಕರಿರುವ, ಶೌಚಾಲಯ ಇರುವ ಬೀಚು. ಪಡುಬಿದ್ರಿಯ ಎಂಡ್ ಪಾಯಿಂಟ್ ಮತ್ತು ಹೊನ್ನಾವರದ ಕಾಸರಕೋಡು, ಎರಡಕ್ಕೂ 2020ರಲ್ಲಿ ಬ್ಲೂ ಫ್ಲ್ಯಾಗ್ (ಬೀಚಿನ ಸ್ವಚ್ಛತೆ, ಸುರಕ್ಷತೆ ನೋಡಿ ಕೊಡುವ) ಮಾನ್ಯತೆ ಸಿಕ್ಕಿತು. ಬಟ್ಟೆ ಬದಲಿಸುವ ಕೋಣೆ, ಸಿಹಿನೀರಿನ ಶವರ್ ಇವೆ. ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುವ ಅಮ್ಮಂದಿರಿಗೆ ಇದು ಎಷ್ಟು ದೊಡ್ಡ ಸಮಾಧಾನ ಅಂತ ಗಂಡಸರಿಗೆ ಹೇಳಿ ತಿಳಿಸುವುದು ಕಷ್ಟ. ಮಲ್ಪೆ, ಪಣಂಬೂರು, ತಣ್ಣೀರುಬಾವಿಯಲ್ಲಿ ಜನ ಜಾಸ್ತಿ, ಸೌಕರ್ಯವೂ ಇದೆ.

ನೋಡಲು ಚೆಂದ, ಇಳಿಯಲು ಬೇಡ ಅನ್ನುವ ಜಾಗಗಳೂ ಇವೆ. ಮರವಂತೆಯಲ್ಲಿ ರಸ್ತೆಯ ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಸಮುದ್ರ. ಅಲ್ಲಿ ಫೋಟೋ ತೆಗೆದುಕೊಂಡು ಮುಂದೆ ಹೋಗಿ. ಉಳ್ಳಾಲದ ಸೋಮೇಶ್ವರದಲ್ಲಿ ಬಂಡೆಗಳು. ಕಾಪುವಿನಲ್ಲಿ 1901ರ ದೀಪಸ್ತಂಭ ಹತ್ತಿ ನೋಡಿ, ಬಂಡೆಯ ಬುಡದಲ್ಲಿ ಆಟ ಬೇಡ.

ಎಷ್ಟು ಗಂಟೆಗೆ ಹೋಗ್ಬೇಕು?

ಬೆಳಗ್ಗೆ ಆರೂವರೆಯಿಂದ ಒಂಬತ್ತೂವರೆ, ಸಂಜೆ ನಾಲ್ಕೂವರೆಯಿಂದ ಸೂರ್ಯ ಮುಳುಗುವವರೆಗೆ. ಬೆಳಗ್ಗೆ ಬೇಗ ಹೋದರೆ ಜೀವರಕ್ಷಕರು ಬಂದಿರುವುದಿಲ್ಲ. ಅವರು ಬರುವವರೆಗೆ ಮರಳಾಟ ಮಾತ್ರ. ಮುಳುಗಿದ ಮೇಲೆ ಒಂದು ನಿಮಿಷವೂ ನೀರಿನಲ್ಲಿ ಬೇಡ. ನಡು ಮಧ್ಯಾಹ್ನದ ಮರಳು ಕಾಲು ಸುಡುತ್ತದೆ.

ನಮ್ ಹುಡುಗ ಈಜು ಕಲ್ತಿದಾನೆ. ಬಾವೀಲೇ ಈಜ್ತಾನೆ. ಸಮುದ್ರಕ್ಕೆ ಯಾಕೆ ಹೆದರಬೇಕು?

ಈ ಪ್ರಶ್ನೆ ಬಂದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಹೋಗಿದ್ದ ಮುಳಬಾಗಿಲು ತಾಲ್ಲೂಕಿನ ನಾಲ್ವರು ಹುಡುಗಿಯರು ಮುರುಡೇಶ್ವರದಲ್ಲಿ ಅಲೆಗೆ ಸಿಕ್ಕಿ ತೀರಿಕೊಂಡರು. ಅದು ಮಳೆಗಾಲವೂ ಅಲ್ಲ.

ಬಾವಿಯ ನೀರು ನಿಂತಿರುತ್ತದೆ. ಸಮುದ್ರದ ನೀರು ನಿಲ್ಲುವುದೇ ಇಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತವರ ಕಾಲಡಿಯ ಮರಳನ್ನು ಹಿಂದೆ ಹೋಗುವ ಅಲೆ ಕೊರೆಯುತ್ತದೆ. ಮಗು ಕೂತುಬಿಡುತ್ತದೆ. ಮುಂದಿನ ಅಲೆ ತಲೆ ಮೇಲೆ ಬರುತ್ತದೆ. ಬಾವಿಯಲ್ಲಿ ಸುಸ್ತಾದರೆ ಮೆಟ್ಟಿಲು ಹಿಡಿಯಬಹುದು. ಇಲ್ಲಿ ಹಿಡಿಯಲು ಏನಿದೆ?

ನಮ್ಮ ಮನೆಯ ಕಟ್ಟಳೆ ಇದು. ಹತ್ತು ವರ್ಷದೊಳಗಿನವರು ದೊಡ್ಡವರ ಕೈಗೆಟುಕುವಷ್ಟು ಹತ್ತಿರ. ಅದಕ್ಕಿಂತ ದೊಡ್ಡವರಿಗೂ ನೀರು ಅವರ ಸೊಂಟ ದಾಟಬಾರದು. ಒಬ್ಬ ದೊಡ್ಡವರು ನೀರಿಗೆ ಇಳಿಯದೆ, ಮೊಬೈಲ್ ನೋಡದೆ ಎಣಿಸುತ್ತಿರಬೇಕು. ಅರ್ಧ ಗಂಟೆಗೊಮ್ಮೆ ಆಳು ಬದಲು. ಮಕ್ಕಳಿಗೆ ಕಿತ್ತಳೆ, ಗುಲಾಬಿಯಂಥ ಕಣ್ಣು ಕುಕ್ಕುವ ಬಣ್ಣದ ಬಟ್ಟೆ ಹಾಕಿ. ನೀಲಿ, ಬಿಳಿ ಬಟ್ಟೆ ನೀರಿನಲ್ಲಿ ಕಾಣುವುದೇ ಇಲ್ಲ. ದೊಡ್ಡವರೂ ಸೀರೆ, ದುಪಟ್ಟಾ, ಜೀನ್ಸ್‌ನಲ್ಲಿ ಇಳಿಯಬೇಡಿ. ನೆನೆದರೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಭಾರ ಎಳೆಯುತ್ತದೆ.

ಹಾಗೆಯೇ, ಸಮುದ್ರಕ್ಕೆ ಹೋಗುವ ಮೊದಲು ಈಜು ಕಲಿಸೋಣ ಅಂತ ಮಕ್ಕಳನ್ನು ಕೃಷಿ ಹೊಂಡಕ್ಕೆ ಇಳಿಸುವವರಿದ್ದಾರೆ. ಪ್ಲಾಸ್ಟಿಕ್ ಹಾಸಿದ ಹೊಂಡದ ಅಂಚು ಎಣ್ಣೆ ಹಚ್ಚಿದಂತೆ ಜಾರುತ್ತದೆ, ಬಿದ್ದ ದೊಡ್ಡವರಿಗೇ ಮೇಲೆ ಬರಲಾಗುವುದಿಲ್ಲ. ದಯವಿಟ್ಟು ಬೇಡ. ಕೋಚ್ ಇರುವ ಈಜುಕೊಳಕ್ಕೆ ಸೇರಿಸಿ.

ಒಳಗೆ ಎಳೆಯುತ್ತೆ ಅಂತಾರಲ್ಲ, ಅದು ಏನು? ನೋಡಿದ್ರೆ ಗೊತ್ತಾಗುತ್ತಾ?

ಅಲೆಗಳು ದಡಕ್ಕೆ ತಂದು ಹಾಕಿದ ನೀರು ವಾಪಸ್ ಹೋಗಲೇಬೇಕಲ್ಲ. ಅದು ಎಲ್ಲ ಕಡೆಯಿಂದ ಸಮವಾಗಿ ಹೋಗುವುದಿಲ್ಲ. ತಳದ ಮರಳು ತಗ್ಗಾಗಿರುವ ಕಡೆ ಸೇರಿ, ಕಾಲುವೆಯಂತೆ ಒಳಕ್ಕೆ ನುಗ್ಗುತ್ತದೆ. ಅದೇ ಸೆಳೆತ. ಜೋರಾದಾಗ ಸೆಕೆಂಡಿಗೆ ಎರಡು ಮೀಟರ್‌ವರೆಗೂ ಹೋಗುತ್ತದೆ. ನೂರು ಮೀಟರ್ ಈಜಿನ ವಿಶ್ವ ದಾಖಲೆಯ ವೇಗವೂ ಹೆಚ್ಚು ಕಮ್ಮಿ ಅಷ್ಟೇ. ಎದುರು ಈಜಿ ಗೆಲ್ಲುವ ಮಾತೇ ಇಲ್ಲ.

ಮೋಸ ಎಲ್ಲಿದೆ ಅಂದರೆ, ಅದು ಶಾಂತವಾಗಿ ಕಾಣುತ್ತದೆ. ಎರಡೂ ಕಡೆ ಬಿಳಿ ನೊರೆ ಒಡೆಯುತ್ತಿರುತ್ತದೆ, ನಡುವೆ ಒಂದು ಪಟ್ಟಿ ಮಾತ್ರ ನೊರೆ ಇಲ್ಲದೆ, ಸ್ವಲ್ಪ ಕಪ್ಪಾಗಿ, ಸುಮ್ನೆ ಇರುತ್ತದೆ. ಬಯಲುಸೀಮೆಯ ನಾವು “ಇಲ್ಲಿ ಅಲೆ ಇಲ್ಲ, ಮಕ್ಕಳಿಗೆ ಸರಿ” ಅಂತ ಅಲ್ಲೇ ಇಳಿಸುತ್ತೇವೆ. ನಾನೂ ಇಳಿಸಿದ್ದೆ. ಬಲೆ ಬಿಡಿಸುತ್ತಿದ್ದ ಒಬ್ಬರು ಕೂಗಿ ಮೇಲೆ ಕರೆದರು. ಅಂದಿನಿಂದ ಹೊಸ ಬೀಚಿಗೆ ಹೋದಾಗ ಹತ್ತು ನಿಮಿಷ ದಡದಲ್ಲಿ ನಿಂತು ನೀರು ನೋಡುತ್ತೇವೆ. ಮೀನುಗಾರರು ಕಂಡರೆ “ಇಲ್ಲಿ ಸ್ನಾನ ಮಾಡಬಹುದಾ ಅಣ್ಣಾ?” ಅಂತ ಕೇಳುತ್ತೇವೆ. ನದಿ ಸಮುದ್ರ ಸೇರುವ ಅಳಿವೆಯ ಹತ್ತಿರ, ಬಂಡೆಯ ಪಕ್ಕ ಇಳಿಯುವುದೇ ಇಲ್ಲ.

ಸಿಕ್ಕಿಕೊಂಡರೆ ದಡದ ಕಡೆ ಒದ್ದಾಡಬಾರದು. ಅಂಗಾತ ತೇಲಿ ಕೈ ಎತ್ತಬೇಕು, ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕು. ಸೆಳೆತದ ಅಗಲ ಕಮ್ಮಿ, ಪಕ್ಕದಲ್ಲಿ ಅಲೆಯೇ ದಡಕ್ಕೆ ತಳ್ಳುತ್ತದೆ.

ಯಾರಾದ್ರೂ ಮುಳುಗ್ತಿದ್ರೆ ನಾವು ಹಾರಬಹುದಾ?

ಬೇಡ. ಹೆಚ್ಚಿನ ಸಲ ಎರಡನೇ ಸಾವು ಆಗುವುದು ಹಾಗೇ. ಜೀವರಕ್ಷಕರನ್ನು ಕೂಗಿ, 112ಕ್ಕೆ ಫೋನ್ ಮಾಡಿಸಿ, ತೇಲುವುದು ಏನಾದರೂ ಎಸೆಯಿರಿ. ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನ್ ಒಬ್ಬರನ್ನು ತೇಲಿಸುತ್ತದೆ. ಮೇಲೆ ತಂದ ಮೇಲೆ ನಮ್ಮ ಕಡೆ ಹೊಟ್ಟೆ ಒತ್ತುತ್ತಾರೆ, ತಲೆಕೆಳಗೆ ಮಾಡಿ ತಿರುಗಿಸುತ್ತಾರೆ. ಎರಡೂ ತಪ್ಪು, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಎದೆ ಒತ್ತಲು ಶುರು ಮಾಡಬೇಕು. ಇದನ್ನು ಓದಿ ಕಲಿಯಲಾಗುವುದಿಲ್ಲ. ಮನೆಯಲ್ಲಿ ಒಬ್ಬರಾದರೂ ಪ್ರಥಮ ಚಿಕಿತ್ಸೆಯ ತರಬೇತಿ ತೆಗೆದುಕೊಂಡಿರಿ. ಉಸಿರು ಬಂದು ಎದ್ದು ಕೂತರೂ ಆಸ್ಪತ್ರೆಗೆ ಹೋಗಲೇಬೇಕು.

ಬಾವುಟ ನೆಟ್ಟಿರ್ತಾರಲ್ಲ, ಅದರ ಅರ್ಥ ಏನು?

ಕೆಂಪು ಮತ್ತು ಹಳದಿ ಎರಡೂ ಇರುವ ಬಾವುಟಗಳ ನಡುವೆ ಜೀವರಕ್ಷಕರ ಕಣ್ಣಿದೆ, ಅಲ್ಲಿ ಇಳಿಯಬಹುದು. ಬರೀ ಕೆಂಪು ಇದ್ದರೆ ಇಳಿಯಬಾರದು. ಬರೀ ಹಳದಿ ಅಂದರೆ ಎಚ್ಚರ. ಸೀಟಿ ಊದಿದರೆ ವಾದ ಮಾಡದೆ ಮೇಲೆ ಬನ್ನಿ. “ಇನ್ನೂರು ಕಿಲೋಮೀಟರಿಂದ ಬಂದಿದ್ದೀವಿ ಸಾರ್” ಅನ್ನುವುದು ಅಲೆಗೆ ಗೊತ್ತಾಗುವುದಿಲ್ಲ.

ಜೆಲ್ಲಿ ಫಿಶ್ ಕಚ್ಚಿದ್ರೆ?

ಕಚ್ಚುವುದಲ್ಲ, ಅದರ ಎಳೆಗಳು ತಾಗಿದರೆ ಚುಚ್ಚಿದಂತೆ ಉರಿ. ಮರಳಿನಿಂದ ಉಜ್ಜಬೇಡಿ. ಸಿಹಿನೀರನ್ನೂ ಹಾಕಬೇಡಿ, ಉರಿ ಜಾಸ್ತಿಯಾಗುತ್ತದೆ. ಸಮುದ್ರದ ನೀರಿನಲ್ಲೇ ತೊಳೆದು, ಎಳೆ ಅಂಟಿದ್ದರೆ ಕಾರ್ಡಿನಂಥದ್ದರಿಂದ ಮೆಲ್ಲಗೆ ತೆಗೆಯಿರಿ. ಆಮೇಲೆ ತಡೆಯುವಷ್ಟು ಬಿಸಿ ನೀರಿನಲ್ಲಿ ಅದ್ದಿ ಹಿಡಿದರೆ ನೋವು ಇಳಿಯುತ್ತದೆ. ಬಿಸಿ ಎಷ್ಟಿದೆ ಅಂತ ಮೊದಲು ನಿಮ್ಮ ಕೈಯಲ್ಲಿ ನೋಡಿ. ಉಸಿರಾಟ ಕಷ್ಟವಾದರೆ, ಮುಖ ಊದಿದರೆ 108. ದಡದಲ್ಲಿ ಸತ್ತು ಬಿದ್ದದ್ದೂ ಚುಚ್ಚುತ್ತದೆ, ಕಡ್ಡಿಯಲ್ಲಿ ಕೆದಕಿ ಆಮೇಲೆ ಕಡ್ಡಿ ಮುಟ್ಟುವ ಹುಡುಗರನ್ನು ನೋಡಿದ್ದೇನೆ.

ಜನದಲ್ಲಿ ಮಗು ತಪ್ಪಿಸ್ಕೊಂಡ್ರೆ?

ಮೊದಲು ನೀರಿನ ಕಡೆ ನೋಡಿ, ಆಮೇಲೆ ಐಸ್‌ಕ್ರೀಂ ಗಾಡಿ ಕಡೆ. ಬೀಚಿಗೆ ಕಾಲಿಟ್ಟ ತಕ್ಷಣ ಒಂದು ಗುರುತು ತೋರಿಸಿಡಿ, “ಕಾಣದಿದ್ದರೆ ಆ ಜೀವರಕ್ಷಕರ ಮಂಚದ ಹತ್ತಿರ ನಿಲ್ಲು” ಅಂತ. ಮಗುವಿನ ತೋಳಿನ ಮೇಲೆ ಪೆನ್ನಿನಲ್ಲಿ ಫೋನ್ ನಂಬ್ರ ಬರೆಯಿರಿ, ಆ ದಿನದ ಬಟ್ಟೆಯಲ್ಲಿ ಬೆಳಗ್ಗೆಯೇ ಒಂದು ಫೋಟೋ ತೆಗೆದಿಡಿ.

## ಊಟ, ಸೆಕೆ, ಮರಳು

ಮಕ್ಕಳು ಅಲ್ಲಿ ಅನ್ನ ತಿನ್ನಲ್ಲ. ಮುದ್ದೆ ಸಿಗುತ್ತಾ?

ಮುದ್ದೆ ಮರೆತುಬಿಡಿ. ಅಲ್ಲಿ ಕೆಂಪಗೆ ದಪ್ಪಗಿರುವುದು ಕುಚ್ಚಲಕ್ಕಿ ಅನ್ನ. ನಮ್ಮ ಬಿಳಿ ಅನ್ನ ಬೇಕಾದರೆ “ಬೆಳ್ತಿಗೆ ಅನ್ನ ಇದೆಯಾ?” ಅಂತ ಕೇಳಿ, ತಕ್ಷಣ ಅರ್ಥವಾಗುತ್ತದೆ. ಸಾಂಬಾರಿಗೆ ಬೆಲ್ಲ, ಒಗ್ಗರಣೆಗೆ ತೆಂಗಿನೆಣ್ಣೆ. ತಿಪಟೂರು ಸೀಮೆಯ ನಾವು ರಾಶಿ ರಾಶಿ ತೆಂಗು ಬೆಳೆದರೂ ಅದರ ಎಣ್ಣೆ ತಲೆಗೆ ಮಾತ್ರ ಅಂದುಕೊಂಡವರು, ಅಲ್ವಾ? ಮಕ್ಕಳಿಗೆ ನೀರುದೋಸೆ, ಬನ್ಸ್, ಗೋಳಿಬಜೆ ಬೇಗ ಒಗ್ಗುತ್ತವೆ. ಗಡ್‌ಬಡ್ ಐಸ್‌ಕ್ರೀಂ ಬಗ್ಗೆ ಹೇಳುವುದೇ ಬೇಡ.

ಮೀನು ತಿನ್ನುವ ಮನೆಯವರಾದರೆ ಮಕ್ಕಳಿಗೆ ಅಂಜಲ್ ಅಥವಾ ಕಾಣೆ ಕೊಡಿಸಿ, ಮುಳ್ಳಿನ ಕಾಟ ಕಮ್ಮಿ. ಬೂತಾಯಿ ರುಚಿ ಹೌದು, ಆದರೆ ಸಣ್ಣ ಮುಳ್ಳು ತುಂಬ. ಅದು ನಿಮ್ಮ ತಟ್ಟೆಗಿರಲಿ.

ತುಮಕೂರಲ್ಲೇ ಜಾಸ್ತಿ ಬಿಸಿಲು. ಅಲ್ಲಿ ಯಾಕೆ ಅಷ್ಟು ಸುಸ್ತು?

ನಮ್ಮದು ಒಣ ಬಿಸಿಲು. ಬೆವರು ಬಂದ ಹಾಗೇ ಆರಿ ಮೈ ತಂಪಾಗುತ್ತದೆ. ಕರಾವಳಿಯಲ್ಲಿ ಗಾಳಿಯೇ ನೀರು ಕುಡಿದಿರುತ್ತದೆ, ಬೆವರು ಆರುವುದಿಲ್ಲ. ಅದಕ್ಕೇ ಅವರು ಬಿಸಿಲು ಅನ್ನುವುದಕ್ಕಿಂತ ಸೆಕೆ ಅನ್ನುತ್ತಾರೆ. ಬಾಯಾರುವ ಮೊದಲೇ ಕುಡಿಸುತ್ತಿರಿ: ಮಜ್ಜಿಗೆ, ಎಳನೀರು, ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ. ಓಆರ್‌ಎಸ್ ಪೊಟ್ಟಣ ನಾಲ್ಕು ಇಟ್ಟುಕೊಳ್ಳಿ, ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರ್ ನೀರಿಗೇ ಕಲಸಿ, ಲೋಟಕ್ಕೆ ಸ್ವಲ್ಪ ಸ್ವಲ್ಪ ಅಲ್ಲ. ಮಗು ಆರು ಗಂಟೆ ಮೂತ್ರ ಮಾಡದಿದ್ದರೆ ವೈದ್ಯರ ಹತ್ತಿರ ಹೋಗಿ. ಬೆವರುಸಾಲೆ ಎದ್ದರೆ ತಣ್ಣೀರು ಸ್ನಾನ, ಸಡಿಲ ಹತ್ತಿ ಬಟ್ಟೆ.

ಮೈಗೆ ಅಂಟಿದ ಮರಳು ಹೋಗೋದೇ ಇಲ್ಲ!

ಒದ್ದೆ ಮೈಯನ್ನು ಉಜ್ಜಬೇಡಿ, ಆರಲಿ. ಟಾಲ್ಕಂ ಪೌಡರ್ ಉದುರಿಸಿ ತಟ್ಟಿದರೆ ಮರಳು ಪುಡಿಪುಡಿಯಾಗಿ ಬೀಳುತ್ತದೆ. ಕಾರಿನ ಸೀಟಿಗೆ ಹಳೇ ಬೆಡ್‌ಶೀಟ್ ಹಾಸಿ. ಆದರೂ ದೀಪಾವಳಿವರೆಗೆ ಮರಳು ಸಿಗುತ್ತಿರುತ್ತದೆ.

## ಇನ್ನಷ್ಟು ತಿಳಿಯಬೇಕೆನ್ನುವವರಿಗೆ

ಸೇಂಟ್ ಮೇರೀಸ್ ದ್ವೀಪಕ್ಕೆ ಮಕ್ಕಳನ್ನು ಕರ್ಕೊಂಡು ಹೋಗ್ಬಹುದಾ?

ಸಮುದ್ರ ಶಾಂತವಾಗಿದ್ದರೆ ಖಂಡಿತ. ಮಲ್ಪೆಯಿಂದ ದೋಣಿ. ಲಾವಾ ತಣ್ಣಗಾಗುವಾಗ ಕುಗ್ಗಿ, ಬಿರುಕು ಬಿಟ್ಟು ಆರು ಮೂಲೆಯ ಕಂಬಗಳಾದ ಬಂಡೆ ಅಲ್ಲಿದೆ. ಸುಮಾರು 8.8 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಲೈಫ್ ಜಾಕೆಟ್ ಮಗುವಿನ ಅಳತೆಯದ್ದೇ ಕೇಳಿ, ದೊಡ್ಡದು ಮೇಲೆ ಜಾರಿಕೊಳ್ಳುತ್ತದೆ. ನೆರಳು ಕಮ್ಮಿ, ಬಂಡೆ ಜಾರುತ್ತದೆ. ಮೊದಲ ದೋಣಿಗೆ ಹೋಗಿ ಬಿಸಿಲೇರುವ ಮೊದಲು ಬಂದುಬಿಡಿ.

ನಿನ್ನೆ ಇದ್ದ ಜಾಗದಲ್ಲೇ ಕೂತಿದ್ವಿ, ಇವತ್ತು ನೀರು ಚಪ್ಪಲಿ ಎತ್ಕೊಂಡು ಹೋಯ್ತು. ಯಾಕೆ?

ಉಬ್ಬರ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಹೊತ್ತಿಗೆ ಕಮ್ಮಿ. ಹಾಗಾಗಿ ಗೋಡೆಯ ಕ್ಯಾಲೆಂಡರೇ ಸಾಕು. ಪೂರ್ತಿ ಇಳಿತದ ಹೊತ್ತು ಏಡಿ, ಚಿಪ್ಪು ನೋಡಲು ಚೆಂದ. ಆಗ ದೂರದ ಬಂಡೆಗೆ ನಡೆದು ಹೋದವರು ನೀರು ಏರುವ ಮೊದಲು ವಾಪಸ್ ಬರಬೇಕು.

ಬರೀ ನೀರಾಟ ಬೇಡ, ಮಕ್ಕಳು ಏನಾದ್ರೂ ಕಲೀಲಿ ಅಂತ. ಏನು ತೋರಿಸ್ಬಹುದು?

ಕಲಿಸಲು ಹೋಗಬೇಡಿ, ಅವರೇ ಕೇಳುತ್ತಾರೆ. ಸಕಲೇಶಪುರದಲ್ಲಿ ಖಾಲಿ ನೀರಿನ ಬಾಟಲಿಯ ಮುಚ್ಚಳ ಬಿಗಿಯಾಗಿ ಹಾಕಿ ಮಗುವಿನ ಕೈಗೆ ಕೊಡಿ. ಘಾಟಿ ಇಳಿದು ಗುಂಡ್ಯ ಬರುವಷ್ಟರಲ್ಲಿ ಯಾರೋ ಹಿಸುಕಿದ ಹಾಗೆ ಆಗಿರುತ್ತದೆ. ಎಂಟುನೂರು ಮೀಟರಿನಷ್ಟು ಕೆಳಗೆ ಬಂದಿದ್ದೀರಿ, ಗಾಳಿಯ ಒತ್ತಡ ಏರಿದೆ.

ನನ್ನ ಮಗಳು ಏಳು ವರ್ಷದವಳಿದ್ದಾಗ ಕೇಳಿದ್ದು, “ನಮ್ಮೂರ ನೀರು ಇಲ್ಲಿಗೆ ಬರುತ್ತಾ ಅಮ್ಮಾ?” ಬರುವುದಿಲ್ಲ. ದೇವರಾಯನದುರ್ಗದ ಸೀಮೆಯಲ್ಲಿ ಹುಟ್ಟುವ ಶಿಂಷಾ ಕಾವೇರಿ ಸೇರುತ್ತದೆ, ಜಯಮಂಗಲಿ ಉತ್ತರ ಪಿನಾಕಿನಿ ಸೇರುತ್ತದೆ. ನಂದಿ ಬೆಟ್ಟದ ಸುತ್ತಿನ ಪಿನಾಕಿನಿಗಳು, ಪಾಲಾರ್ ಎಲ್ಲವೂ ಪೂರ್ವಕ್ಕೆ, ಬಂಗಾಳ ಕೊಲ್ಲಿಗೆ. ನಾವು ನೋಡಲು ಹೋಗುವ ಸಮುದ್ರಕ್ಕೆ ನಮ್ಮ ಹನಿ ನೀರೂ ಹೋಗುವುದಿಲ್ಲ. ಈಗ ತಿರುಗುಮುರುಗು ನಡೆದಿದೆ. ಸಕಲೇಶಪುರ ತಾಲ್ಲೂಕಿನ ಎತ್ತಿನಹೊಳೆ, ನೇತ್ರಾವತಿಯಾಗಿ ಮಂಗಳೂರಿನಲ್ಲಿ ಸಮುದ್ರ ಸೇರುವ ನೀರು. ಅದನ್ನು ಪಂಪಿನಿಂದ ಎತ್ತಿ ತುಮಕೂರು, ಚಿಕ್ಕಬಳ್ಳಾಪುರ, ಕೋಲಾರದ ಕಡೆ ತಿರುಗಿಸುವ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ಸಿಕ್ಕಿತು. ಕರಾವಳಿಯಲ್ಲಿ ಈ ಯೋಜನೆಗೆ ವಿರೋಧವೂ ಇದೆ. ಉಡುಪಿಯ ಒಂದು ಹೋಟೆಲಿನಲ್ಲಿ “ತುಮಕೂರಿನವರಾ? ನಮ್ಮ ನೀರು ಬಂತಾ?” ಅಂತ ಕೇಳಿದರು. ನಗುತ್ತಲೇ ಕೇಳಿದರು. ಮಕ್ಕಳಿಗೆ ಎರಡೂ ಕಡೆಯ ಮಾತು ಹೇಳಿ.

ಚಿಪ್ಪು, ಶಂಖ ಆರಿಸಿ ತರಬಹುದಾ?

ಒಡೆದ ಖಾಲಿ ಚಿಪ್ಪು ನಾಲ್ಕು ತಂದರೆ ಅಡ್ಡಿಯಿಲ್ಲ. ಕೆಲವು ಜಾತಿಯ ಶಂಖ, ಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಅಂಗಡಿಯಲ್ಲಿ ಸಿಕ್ಕರೂ ಕೊಳ್ಳಬೇಡಿ. ಆರಿಸಿದ್ದನ್ನು ಮರಳಿನ ಮೇಲಿಟ್ಟು ಐದು ನಿಮಿಷ ಸುಮ್ನೆ ಕೂತು ನೋಡಿ. ಒಳಗೆ ಪುಟ್ಟ ಏಡಿ ಮನೆ ಮಾಡಿದ್ದರೆ ಎದ್ದು ನಡೆಯುತ್ತದೆ. ನಾವು ಒಂದು ಸಲ ನೋಡದೆ ತಂದೆವು. ಅರಸೀಕೆರೆ ಹತ್ತಿರ ಕಾರಿನಲ್ಲಿ ಏನೋ ವಾಸನೆ. ಮಗ ಶೂ ಬಿಚ್ಚಿದ್ದಾನೆ ಅಂತ ಬೈದೆವು. ತಿಪಟೂರಿನಲ್ಲಿ ನಮ್ಮವರು ಡಿಕ್ಕಿ ತೆಗೆದು ಇಡೀ ಬ್ಯಾಗು ರಸ್ತೆ ಬದಿ ಸುರಿದರು. ಮಗಳು ಆ ಶಂಖವನ್ನು ಒಂದು ತೆಂಗಿನ ಮರದ ಬುಡದಲ್ಲಿ ಹೂತಳು. ಈಗಲೂ ಆ ದಾರಿಯಲ್ಲಿ ಹೋದರೆ ಕಾರು ನಿಧಾನ ಮಾಡಲು ಹೇಳುತ್ತಾಳೆ.